ಪಹಣಿ ತಾತನ ಹೆಸರಲ್ಲೇ ಇದೆ, ಬೆಳೆಸಾಲ ಸಿಗುತ್ತಾ?

ಪ್ರಶ್ನೆ (ಮುಳಬಾಗಿಲು ತಾಲ್ಲೂಕು): ಸರ್, ತಾತ ತೀರಿಕೊಂಡು ವರ್ಷಗಳಾದವು, ಜಮೀನಿನ ದಾಖಲೆಯಾದ ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ. ಅಪ್ಪ, ಚಿಕ್ಕಪ್ಪ ಬಾಯಿಮಾತಲ್ಲೇ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಟೊಮೆಟೊಗೆ ಮಂಡಿಯಿಂದ ಮುಂಗಡ ತರುತ್ತೇವೆ. ಬೇರೆ ಕಡೆ ಒಳ್ಳೇ ರೇಟ್ ಇದ್ದರೂ ಮಾಲು ಅಲ್ಲಿಗೇ ಹಾಕಬೇಕು. ಬೆಳೆಸಾಲ ಕೇಳಿದರೆ ಬ್ಯಾಂಕಿನವರು ಜಮೀನಿನ ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಂಡು ಬನ್ನಿ ಅಂತಾರೆ. ಭಾಗಪತ್ರ ಆಗೋವರೆಗೂ ಕಾಯಲೇಬೇಕಾ?

ಉತ್ತರ (ನಿವೃತ್ತ ಬ್ಯಾಂಕ್ ಕೃಷಿ ಅಧಿಕಾರಿ): ಕಾಯಬೇಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು ಬೇರೆ, ವಿಭಾಗ ಬೇರೆ. ಯಾರಿಗೆ ಯಾವ ಕಡೆ ಅಂತ ಇನ್ನೂ ತೀರ್ಮಾನ ಆಗದಿದ್ದರೂ ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆ ಆಗುತ್ತೆ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ತಕರಾರು ಬರದಿದ್ದರೆ ಪಹಣಿಯ 9ನೇ ಕಾಲಂಗೆ ಹೊಸ ಹೆಸರುಗಳು ಬರುತ್ತವೆ.

ವಂಶವೃಕ್ಷದಲ್ಲಿ ಅತ್ತೆಯಂದಿರ (ಅಪ್ಪನ ಅಕ್ಕತಂಗಿಯರ) ಹೆಸರು ದಯವಿಟ್ಟು ಬಿಡಬೇಡಿ. ಮದುವೆ ಮಾಡಿ ಕಳಿಸಿದ್ದೇವೆ ಅನ್ನೋ ಮಾತು ಕಾನೂನಿನ ಮುಂದೆ ನಿಲ್ಲಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತಪಡಿಸಿದೆ. ಅವರನ್ನು ಬಿಟ್ಟು ಮಾಡಿಸಿದ ಖಾತೆ ಮೇಲೆ ದಾವೆ ಬಿದ್ದರೆ ಸಾಲವೂ ಹೋಯಿತು, ಸಂಬಂಧವೂ ಹೋಯಿತು.

ಹೊಸ ಪಹಣಿಯನ್ನು ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸೇರಿಸಿ, ಬೆಳೆಸಾಲ ಕೊಡುವ ಕಿಸಾನ್ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿ. ಜಂಟಿ ಖಾತೆಯಾದ್ದರಿಂದ ಮಿಕ್ಕವರ ಒಪ್ಪಿಗೆ ಸಹಿ ಕೇಳುತ್ತಾರೆ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ಆದೇಶ. ಬಡ್ಡಿ ಶೇ 7, ವಾಯಿದೆಯೊಳಗೆ ಕಟ್ಟಿದರೆ ಶೇ 4 ಬೀಳುತ್ತೆ. ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 36!

ಪ್ರಶ್ನೆ (ಶ್ರೀನಿವಾಸಪುರ): ಅಡಮಾನವೇ ಬೇಡ ಅಂದಮೇಲೆ ಪಹಣಿ ಯಾಕೆ ಸರ್? ನಮ್ಮ ಅಣ್ಣನಿಗೆ ಖಾತೆ ಆಗಿದೆ, ಆದರೂ ಸಾಲ ಕೊಡಲಿಲ್ಲ.

ಉತ್ತರ: ಯಾವ ಬೆಳೆ, ಎಷ್ಟು ಎಕರೆ ಅಂತ ನೋಡಿಯೇ ಸಾಲದ ಮಿತಿ ಹಾಕೋದು, ಅದಕ್ಕೆ ಪಹಣಿ ಬೇಕು. ಆದರೆ ಬ್ಯಾಂಕು ಅದಕ್ಕಿಂತ ಹೆಚ್ಚಾಗಿ ನೋಡೋದು ತೀರಿಸುವ ಶಕ್ತಿ. ಪೆರು ದೇಶದಲ್ಲಿ 1990ರ ದಶಕದಿಂದ ನಗರಗಳ ಲಕ್ಷಾಂತರ ಬಡ ಕುಟುಂಬಗಳಿಗೆ ಅವರ ಮನೆ ಜಾಗದ ಹಕ್ಕುಪತ್ರ ಕೊಟ್ಟರು. ಮನೆ ಸಾಮಗ್ರಿಗೆ ಸಾಲ ಕೊಡುತ್ತಿದ್ದ ಸರ್ಕಾರಿ ಬ್ಯಾಂಕಿನಲ್ಲಿ ಮಂಜೂರಾತಿ ಹೆಚ್ಚಿತು, ಖಾಸಗಿ ಬ್ಯಾಂಕುಗಳಲ್ಲಿ ಹೆಚ್ಚಲಿಲ್ಲ. ಖಾತೆ ಬೇಡ ಅಂತ ಇದರರ್ಥವಲ್ಲ, ಖಾತೆ ಒಂದೇ ಸಾಲದು ಅಂತ. ನಿಮ್ಮ ಅಣ್ಣನ ಸಿಬಿಲ್ ವರದಿ (ಹಿಂದಿನ ಸಾಲ ಹೇಗೆ ಕಟ್ಟಿದ್ದಾರೆ ಅನ್ನೋ ದಾಖಲೆ) ತೆಗೆಸಿ. ಪಹಣಿಯ 11ನೇ ಕಾಲಂ ಸಹ ನೋಡಿ: ಹಳೇ ಸಾಲ ತೀರಿಸಿದ್ದರೂ ಎಷ್ಟೋ ಪಹಣಿಗಳಲ್ಲಿ ಋಣ ಹಾಗೇ ಉಳಿದಿರುತ್ತೆ. ಸಾಲ ಕೊಟ್ಟ ಬ್ಯಾಂಕ್ ಅಥವಾ ಸಹಕಾರಿ ಸೊಸೈಟಿಯಿಂದ ತೀರುವಳಿ ಪತ್ರ ತಂದು ಮೊದಲು ಅದನ್ನು ತೆಗೆಸಿ, ಆಮೇಲೆ ಮತ್ತೆ ಅರ್ಜಿ ಹಾಕಿಸಿ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ ಪಡೆಯಿರಿ.