ಒಂದೇ ಇಂಟರ್ನೆಟ್ ಸಂಪರ್ಕ, ಮೂರು ಕಡೆಯ ಬಳಕೆದಾರರು: ಹಿಡಿತ ಸಾಧಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿ ಪೂರ್ವದಿಂದ)

ಎಲ್ಲರಿಗೂ ನಮಸ್ಕಾರ. ನಾವು ಮುಂಬಯಿ ಬಳಿಯ ಡೊಂಬಿವಲಿಯ ಹಳೆಯ ವಸತಿ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿದ್ದೇವೆ. 100 ಎಂಬಿಪಿಎಸ್‌ನ ಫೈಬರ್ ಸಂಪರ್ಕ ನನ್ನ ಹೆಸರಿನಲ್ಲಿದೆ. ಮನೆಯ ಒಂದು ಕೋಣೆಯನ್ನು ಹಾವೇರಿ ಕಡೆಯ ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಇಂಟರ್ನೆಟ್ಟಿನ ಖರ್ಚು ಆ ಬಾಡಿಗೆಯಲ್ಲೇ ಸೇರಿದೆ. ಎದುರುಮನೆಯ ಮರಾಠಿ ಕುಟುಂಬದವರು ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ತರಗತಿಗೆಂದು ಪಾಸ್‌ವರ್ಡ್ ಪಡೆದವರು, ಅಂದಿನಿಂದ ಬಿಲ್ಲಿನ ಮೂರನೆಯ ಒಂದು ಪಾಲನ್ನು ನಾವು ಕೇಳುವ ಮೊದಲೇ ತಂದುಕೊಡುತ್ತಿದ್ದಾರೆ.

ಈಚೆಗೆ ರಾತ್ರಿ ಒಂಬತ್ತರ ನಂತರ ಮಗಳ ಕಚೇರಿಯ ವಿಡಿಯೊ ಸಭೆಗಳು ನಡುನಡುವೆ ನಿಂತುಹೋಗುತ್ತಿವೆ. ರೌಟರಿನ ಪುಟ ತೆರೆದು ನೋಡಿದರೆ 23 ಸಾಧನಗಳ ಪಟ್ಟಿ ಕಾಣಿಸಿತು, ನಾವೆಲ್ಲ ಸೇರಿದರೂ ಇರುವುದು ಒಂಬತ್ತೇ ಜನ. ದೀಪಾವಳಿಯ ಹೊತ್ತಿಗೆ ಪಾಸ್‌ವರ್ಡ್ ಬದಲಿಸಿದೆ. ವಾರದೊಳಗೆ ಪಟ್ಟಿ ಮತ್ತೆ ಮೊದಲಿನಷ್ಟೇ ಉದ್ದವಾಯಿತು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರಿಗೂ ಪಾಸ್‌ವರ್ಡ್ ಹೇಳಿ ಕಳಿಸುವ ಮನೆ ನಮ್ಮದು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪ್ರತಿಯೊಂದು ಫೋನಿನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ರೌಟರಿನಲ್ಲಿ ನೋಂದಾಯಿಸಿ ಉಳಿದವನ್ನೆಲ್ಲ ತಡೆಯಬಹುದೆಂದು ಒಬ್ಬರು ಹೇಳಿದರು. ಅದು ಸರಿಯಾದ ದಾರಿಯೇ? ಯಾರ ಮನಸ್ಸೂ ಕೆಡದಂತೆ ಇದನ್ನು ಮಾಡುವುದು ಹೇಗೆ?

ಉತ್ತರ 1 (ಪುಣೆಯ ಕೋಥರೂಡ್‌ನಿಂದ)

ನೆಟ್‌ವರ್ಕ್ ನಿರ್ವಹಣೆಯೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲನೆಯದಾಗಿ, ಆ 23ರ ಸಂಖ್ಯೆಯನ್ನು ಕಂಡು ಗಾಬರಿಯಾಗಬೇಡಿ. ಅನೇಕ ರೌಟರುಗಳು ಈಗ ಸಂಪರ್ಕದಲ್ಲಿರುವ ಸಾಧನಗಳ ಜೊತೆಗೆ, ನಿನ್ನೆ ಬಂದುಹೋದ ಅತಿಥಿಯ ಫೋನನ್ನೂ ಅದೇ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ. ನಿಮ್ಮ ರೌಟರಿನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ವೈ-ಫೈನ ಎರಡು ತರಂಗಪಟ್ಟಿಗಳಿಗೆ ಎರಡು ಬೇರೆ ಬೇರೆ ಹೆಸರುಗಳಿದ್ದರೆ ಇನ್ನೊಂದು ತೊಡಕಿದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಬಂದ ಮೇಲೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ, ವೈ-ಫೈನ ಒಂದೊಂದು ಹೆಸರಿಗೂ ಒಂದೊಂದು ಕೃತಕ ವಿಳಾಸವನ್ನು ತೋರಿಸುತ್ತವೆ. ಹಾಗಾಗಿ ಎರಡೂ ಹೆಸರುಗಳಿಗೆ ಸೇರಿಕೊಂಡ ಒಂದೇ ಫೋನು ನಿಮ್ಮ ಪಟ್ಟಿಯಲ್ಲಿ ಇಬ್ಬರಾಗಿ ಕಾಣುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು, ರೌಟರನ್ನು ಮರುಪ್ರಾರಂಭಿಸಿ, ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಎಣಿಸಿ.

ಮ್ಯಾಕ್ ವಿಳಾಸದ ನೋಂದಣಿಯನ್ನು ನಾನು ಸಲಹೆ ಮಾಡುವುದಿಲ್ಲ, ಅದಕ್ಕೂ ಇದೇ ಕಾರಣ. ಫೋನಿನ ಒಂದು ಸೆಟ್ಟಿಂಗ್ ಬದಲಾದರೆ ನೋಂದಾಯಿಸಿದವರೇ ಹೊರಗುಳಿದು ನಿಮ್ಮ ಬಾಗಿಲು ತಟ್ಟುತ್ತಾರೆ. ಒಳಬರಲೇಬೇಕೆಂದಿರುವವನಿಗೆ ಬೇರೊಬ್ಬರ ವಿಳಾಸವನ್ನು ನಕಲು ಮಾಡುವುದು ಕೆಲವೇ ನಿಮಿಷಗಳ ಕೆಲಸ. ವೈ-ಫೈ ಹೆಸರನ್ನು ಅಡಗಿಸಿಡುವುದರಿಂದಲೂ ಪ್ರಯೋಜನವಿಲ್ಲ.

ದೀಪಾವಳಿಯಲ್ಲಿ ಬದಲಿಸಿದ ಪಾಸ್‌ವರ್ಡ್ ವಾರದಲ್ಲೇ ಹರಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ, ಒಮ್ಮೆ ಸೇರಿಕೊಂಡ ಫೋನು ಆ ಪಾಸ್‌ವರ್ಡನ್ನು ಕ್ಯೂಆರ್ ಚಿತ್ರವಾಗಿ ಇನ್ನೊಬ್ಬರಿಗೆ ತೋರಿಸಬಲ್ಲದು. ಒಬ್ಬರಿಗೆ ಕೊಟ್ಟ ಪಾಸ್‌ವರ್ಡ್ ಅವರ ಬಂಧುಬಳಗಕ್ಕೆಲ್ಲ ಕೊಟ್ಟಂತೆಯೇ ಎಂದು ತಿಳಿದು ಏರ್ಪಾಡು ಮಾಡಬೇಕು. ಆದ್ದರಿಂದ ನಿಮ್ಮ ಮನೆಯವರಿಗೆ ಮಾತ್ರ ಮುಖ್ಯ ವೈ-ಫೈ ಇರಲಿ. ಬಾಡಿಗೆಯವರಿಗೂ ಎದುರುಮನೆಗೂ ಗೆಸ್ಟ್ ನೆಟ್‌ವರ್ಕ್ ತೆರೆಯಿರಿ. ಅದರಲ್ಲಿರುವವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ನಿಮ್ಮ ಕಂಪ್ಯೂಟರ್, ಪ್ರಿಂಟರ್, ಟಿವಿಗಳು ಅವರಿಗೆ ಕಾಣುವುದಿಲ್ಲ. ಕೆಲವು ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕಿಗೆ ವೇಗದ ಮಿತಿಯನ್ನೂ ಹಾಕಬಹುದು. ನಿಮ್ಮ ನೂರರಲ್ಲಿ 40 ಎಂಬಿಪಿಎಸ್ ಅವರಿಗೆ ಧಾರಾಳವಾಯಿತು.

ಅದೇ ಪುಟದಲ್ಲಿರುವಾಗ ಪಾಸ್‌ವರ್ಡ್ ಬದಲಿಗೆ ಪಿನ್ ಹಾಕಿಯೂ ಸೇರಿಕೊಳ್ಳಲು ಬಿಡುವ ಡಬ್ಲ್ಯೂಪಿಎಸ್ ಎಂಬ ಸೌಲಭ್ಯವನ್ನು ನಿಲ್ಲಿಸಿಬಿಡಿ. ಅದರ ಪಿನ್ ಎಂಟು ಅಂಕಿಗಳದ್ದಾದರೂ ರೌಟರು ಅದನ್ನು ಎರಡು ತುಂಡುಗಳಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿಯನ್ನು ಉಳಿದ ಏಳರಿಂದ ಲೆಕ್ಕಹಾಕಿ ತಿಳಿಯಬಹುದು; ಹೀಗಾಗಿ ಗರಿಷ್ಠ 11,000 ಪ್ರಯತ್ನಗಳಲ್ಲಿ ಪಿನ್ ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ. ಸುರಕ್ಷತೆಯ ವಿಧ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆಗಿರಲಿ. ರೌಟರಿನ ಆಡಳಿತ ಪುಟಕ್ಕೆ ಕಂಪನಿ ಕೊಟ್ಟ ಪಾಸ್‌ವರ್ಡೇ ಇನ್ನೂ ಇದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ನೀವು ಹಾಕಿದ ಬೀಗದ ಕೀಲಿ ಬಾಗಿಲಲ್ಲೇ ನೇತಾಡುತ್ತಿರುತ್ತದೆ.

ಇನ್ನು ಮಗಳ ಸಭೆ ನಿಲ್ಲುವುದಕ್ಕೆ ಈ ಜನರೇ ಕಾರಣವೆಂದು ನನಗೆ ಖಾತ್ರಿಯಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ರೌಟರುಗಳು ಬಳಸುವ ತರಂಗದ ದಾರಿಗಳು) 1, 6 ಮತ್ತು 11 ಮಾತ್ರ. ಡೊಂಬಿವಲಿಯ ಒತ್ತೊತ್ತಾದ ಕಟ್ಟಡಗಳಲ್ಲಿ ಹತ್ತಾರು ರೌಟರುಗಳು ಆ ಮೂರರಲ್ಲೇ ನೂಕಾಡುತ್ತವೆ. ರಾತ್ರಿ ಎಲ್ಲರೂ ಮನೆಗೆ ಬಂದಮೇಲೆ ಅದು ಒಂಬತ್ತರ ಲೋಕಲ್ ರೈಲು ಇದ್ದಂತೆ. ರೌಟರಿನಿಂದ ಮಗಳ ಮೇಜಿನವರೆಗೆ ಒಂದು ಕೇಬಲ್ ಎಳೆಯಿರಿ. ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ ಎನ್ನುತ್ತೇನೆ.

ಉತ್ತರ 2 (ಗೋವಾದ ವಾಸ್ಕೋದಿಂದ)

ನಾನು ನಾಲ್ಕು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ದುಡಿಯುವವರು. ತಾಂತ್ರಿಕ ವಿಷಯವನ್ನು ಮೇಲಿನವರು ಹೇಳಿದ್ದಾರೆ, ನಾನು ಮಾತಿನ ವಿಷಯ ಹೇಳುತ್ತೇನೆ. ಪಾಸ್‌ವರ್ಡನ್ನು ಹೇಳದೆ ಕೇಳದೆ ಬದಲಿಸಿದರೆ ಜನ ಅದನ್ನು ಅನುಮಾನವೆಂದು ತಿಳಿಯುತ್ತಾರೆ. ಪ್ರತಿ ತಿಂಗಳ ಒಂದನೆಯ ತಾರೀಕಿಗೆ ಬದಲಾಗುತ್ತದೆಂದು ಮೊದಲೇ ತಿಳಿಸಿದರೆ ಅದು ನಿಯಮವಾಗುತ್ತದೆ. ನಾನು ಬಾಡಿಗೆಯ ರಸೀದಿಯ ಹಿಂಬದಿಯಲ್ಲೇ ಆ ತಿಂಗಳ ಗೆಸ್ಟ್ ಪಾಸ್‌ವರ್ಡ್ ಬರೆದುಕೊಡುತ್ತೇನೆ. ಯಾರಾದರೂ ನೆರೆಯವರಿಗೆ ಹಂಚಿದರೂ ಅದರ ಆಯುಸ್ಸು ಮೂವತ್ತೇ ದಿನ.

ಹಿಂದೊಮ್ಮೆ ಜಾಣತನ ಮಾಡಲು ಹೋಗಿ ರಾತ್ರಿ ಹನ್ನೊಂದಕ್ಕೆ ಇಂಟರ್ನೆಟ್ ತಾನಾಗಿ ಕಡಿತಗೊಳ್ಳುವಂತೆ ರೌಟರಿನಲ್ಲಿ ಸಮಯ ನಿಗದಿ ಮಾಡಿದ್ದೆ. ಬಂದರಿನಲ್ಲಿ ರಾತ್ರಿಪಾಳಿ ಮುಗಿಸಿ ಬರುವ ಹುಡುಗನೊಬ್ಬ ನಸುಕಿಗೆ ಊರಿನ ತಾಯಿಯೊಂದಿಗೆ ವಿಡಿಯೊದಲ್ಲಿ ಮಾತನಾಡುವ ರೂಢಿಯಿಟ್ಟುಕೊಂಡಿದ್ದ. ಎರಡು ವಾರ ಅವನು ಏನೂ ಹೇಳಲಿಲ್ಲ, ನಂತರ ಕೋಣೆ ಬಿಡುತ್ತೇನೆಂದ. ಸಮಯದ ಕಡಿತ ಮಕ್ಕಳ ಟ್ಯಾಬ್ಲೆಟ್ಟಿಗೆ ಸರಿ, ದುಡಿಯುವವರಿಗೆ ಸಲ್ಲದು.

ಉತ್ತರ 3 (ಮುಲುಂಡ್‌ನಿಂದ)

ಇದನ್ನು ಕೇವಲ ವೇಗದ ಪ್ರಶ್ನೆಯೆಂದು ನೋಡಬೇಡಿ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬಂದ ಬೆದರಿಕೆಯ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್ಪಾಡಾದ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಿದ್ದವರ ರಕ್ಷಣೆಯಿಲ್ಲದ ವೈ-ಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ವಿಚಾರಣೆಯನ್ನು ಮೊದಲು ಎದುರಿಸಬೇಕಾದವರು ಆ ಮನೆಯವರೇ. ಹೊರಜಗತ್ತಿಗೆ ಕಾಣುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಆ ಸಂಪರ್ಕದ ಗುರುತಿನ ಸಂಖ್ಯೆ. ಗೆಸ್ಟ್ ನೆಟ್‌ವರ್ಕ್ ಮಾಡಿದರೂ ಅದು ಬದಲಾಗುವುದಿಲ್ಲ.

ಬಾಡಿಗೆಯ ಹುಡುಗರು ನಿಮ್ಮ ಮನೆಯೊಳಗಿನವರು, ಅವರ ಮಾತು ಬೇರೆ. ಆದರೆ ಹಣ ಪಡೆದು ಇನ್ನೊಂದು ಫ್ಲ್ಯಾಟಿಗೆ ಇಂಟರ್ನೆಟ್ ಕೊಡುವುದನ್ನು ಸಾಮಾನ್ಯವಾಗಿ ಸೇವಾದಾರರ ಕರಾರು ಒಪ್ಪುವುದಿಲ್ಲ. ನಿಮ್ಮ ಕರಾರನ್ನು ಒಮ್ಮೆ ಓದಿ ನೋಡಿ. ಎದುರುಮನೆಯವರು ತಮ್ಮದೇ ಸಂಪರ್ಕ ಪಡೆಯುವುದು ಇಬ್ಬರಿಗೂ ಕ್ಷೇಮ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಮೂವರಿಗೂ ಕೃತಜ್ಞತೆಗಳು. ಎರಡು ಹೆಸರುಗಳನ್ನು ಒಂದು ಮಾಡಿ ಎಣಿಸಿದಾಗ 23 ಇದ್ದದ್ದು 14ಕ್ಕೆ ಇಳಿಯಿತು. ಕೇಬಲ್ ಹಾಕಿದ ದಿನದಿಂದ ಮಗಳ ಸಭೆ ನಿಂತಿಲ್ಲ, ಅಂದರೆ ಇಷ್ಟು ದಿನ ಎದುರುಮನೆಯವರ ಮೇಲೆ ಮನಸ್ಸಿನಲ್ಲೇ ಹೊರಿಸಿದ್ದ ಅಪವಾದದಲ್ಲಿ ಹುರುಳಿರಲಿಲ್ಲ. ಅವರಿಗೆ ಸಾನ್ಪಾಡಾದ ಪ್ರಸಂಗ ಹೇಳಿದೆ. ತಮಗೂ ಬಹಳ ದಿನಗಳಿಂದ ಸಂಕೋಚವಿತ್ತೆಂದೂ ಮುಂದಿನ ತಿಂಗಳು ಬೇರೆ ಸಂಪರ್ಕ ತೆಗೆದುಕೊಳ್ಳುವುದಾಗಿಯೂ ಅವರೇ ಹೇಳಿದರು. ಅಲ್ಲಿಯವರೆಗೆ ಗೆಸ್ಟ್ ನೆಟ್‌ವರ್ಕಿನಲ್ಲಿರುತ್ತಾರೆ. ಮುಖ್ಯ ವೈ-ಫೈಗೆ ಹೊಸ ಪಾಸ್‌ವರ್ಡ್ ಇಟ್ಟು ನಮ್ಮ ಸಾಧನಗಳನ್ನು ಮಾತ್ರ ಸೇರಿಸಿದ್ದೇನೆ. ಹಾಗಿದ್ದೂ ಹೆಸರಿಲ್ಲದ ಒಂದು ಸಾಧನ ಅದರಲ್ಲಿ ಇಡೀ ದಿನ ಇರುತ್ತದೆ. ಅದು ಯಾರದೆಂದು ಪತ್ತೆ ಮಾಡುವುದು ಹೇಗೆ?

ಉತ್ತರ 1ನ್ನು ಬರೆದವರಿಂದ

ಪಟ್ಟಿಯಲ್ಲಿ ಅದರ ಪಕ್ಕದ ತಡೆಯುವ ಗುಂಡಿಯನ್ನು ಒತ್ತಿ ಸುಮ್ಮನೆ ಕುಳಿತುಕೊಳ್ಳಿ. ಯಾರು ಕೂಗುತ್ತಾರೋ ಅದು ಅವರದು.

ಪ್ರಶ್ನೆ ಕೇಳಿದವರಿಂದ

ಸಂಜೆ ಏಳಕ್ಕೆ ಒತ್ತಿದೆ. ದೇವರ ಕೋಣೆಯಲ್ಲಿ ಭಜನೆ ಅರ್ಧಕ್ಕೆ ನಿಂತಿತು, ನಮ್ಮ ಮನೆಯವರು ಒಳಗಿನಿಂದ ಕೂಗಿದರು. ಕಳೆದ ವರ್ಷ ಅಳಿಯ ತಂದುಕೊಟ್ಟ ಸ್ಪೀಕರ್ ಅದು. ಹೊಸ ಪಾಸ್‌ವರ್ಡನ್ನು ಅದಕ್ಕೆ ಹಾಕಿಕೊಟ್ಟವರು ಬಾಡಿಗೆಯ ಹುಡುಗರಂತೆ. ಮುಖ್ಯ ವೈ-ಫೈನ ಪಾಸ್‌ವರ್ಡ್ ಅವರಿಗೆ ಹೇಗೆ ತಿಳಿಯಿತೆಂದು ಕೇಳಿದರೆ, ನಮ್ಮ ಮನೆಯವರು ತಮ್ಮ ಫೋನಿನ ಕ್ಯೂಆರ್ ಚಿತ್ರ ತೋರಿಸಿದ್ದಾಗಿ ಹೇಳಿದರು.