ಪಿಕಪ್ ಗಾಡಿಯನ್ನು ಊರಿನ ವರ್ಕ್‌ಶಾಪಿನಲ್ಲೇ ಎರಡು ಇಂಚು ಎತ್ತರಿಸಿದರೆ ಅಪಾಯವಿದೆಯೇ?

ಪ್ರಶ್ನೆ – ಮೂಡಿಗೆರೆಯ ಬೆಳೆಗಾರ

ನಮ್ಮ ಕಾಫಿ ತೋಟದ ಕೆಲಸಕ್ಕೆ ಇಸುಝು ವಿ-ಕ್ರಾಸ್ ಪಿಕಪ್ ಬಳಸುತ್ತಿದ್ದೇವೆ. ಮಳೆಗಾಲದಲ್ಲಿ ತೋಟದ ದಾರಿಯ ಗಾಲಿಜಾಡು ಆಳವಾಗಿ, ನಡುವಿನ ದಿಬ್ಬ ಗಾಡಿಯ ತಳಕ್ಕೆ ಉಜ್ಜುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆಯ ಮೇಲೆ ಲೇತಿನಲ್ಲಿ ಕಡೆದ ಎರಡು ಇಂಚಿನ ಸ್ಪೇಸರ್ (ಅಂತರ ಹೆಚ್ಚಿಸುವ ಬಿಲ್ಲೆ) ಇಟ್ಟು, ಹಿಂದೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್‌ಗಳ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ನಡುವೆ ಅಷ್ಟೇ ದಪ್ಪದ ಕಬ್ಬಿಣದ ಬ್ಲಾಕ್ ಕೂರಿಸಿದರೆ ಸಾಕು ಎನ್ನುತ್ತಾರೆ. ಇದೇ ಗಾಡಿಯಲ್ಲಿ ಅಡಿಕೆ, ಮೆಣಸಿನ ಚೀಲ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವುದೂ ಇರುವುದರಿಂದ, ಒಪ್ಪಿಗೆ ಕೊಡುವ ಮೊದಲು ತಿಳಿದವರ ಅಭಿಪ್ರಾಯ ಕೇಳುತ್ತಿದ್ದೇನೆ.

ಉತ್ತರ – ಮೆಕ್ಯಾನಿಕಲ್ ಎಂಜಿನಿಯರ್, ಹಾಸನ

ಮೊದಲ ತಪ್ಪು ಲೆಕ್ಕದಲ್ಲೇ ಇದೆ. ನಿಮ್ಮದರಂತೆ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಅದರ ಸ್ಪ್ರಿಂಗ್ ನಿಲ್ಲುವುದು ಚಕ್ರದ ಬಳಿಯಲ್ಲ, ಕೆಳತೋಳಿನ ಹೆಚ್ಚುಕಡಿಮೆ ನಡುವಿನಲ್ಲಿ. ಆದ್ದರಿಂದ ಮೇಲೆ ಒಂದು ಇಂಚಿನ ಸ್ಪೇಸರ್ ಇಟ್ಟರೆ ಗಾಡಿ ಮುಂಭಾಗದಲ್ಲಿ ಸುಮಾರು ಎರಡು ಇಂಚು ಏಳುತ್ತದೆ. ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಎರಡು ಇಂಚಿನದನ್ನು ಇಟ್ಟರೆ ನಾಲ್ಕು ಇಂಚಿನಷ್ಟು ಏಳುತ್ತದೆ, ಮತ್ತು ಆ ಎತ್ತರಕ್ಕೆ ಅಲ್ಲಿನ ಯಾವ ಭಾಗವೂ ತಯಾರಾಗಿಲ್ಲ. ಚಕ್ರ ಗುಂಡಿಗೆ ಇಳಿದಾಗ ತೋಳುಗಳು ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಜೋಲುತ್ತವೆ, ತೋಳನ್ನು ಚಕ್ರದ ಭಾಗಕ್ಕೆ ಸೇರಿಸುವ ಬಾಲ್ ಜಾಯಿಂಟ್ ತನ್ನ ಕೋನದ ಕೊನೆಗೆ ತಲುಪಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಬಾಗಿದರೂ ತಿರುಗಬಲ್ಲ ಕೀಲು) ಬಾಗಿದ ಸ್ಥಿತಿಯಲ್ಲೇ ತಿರುಗುತ್ತಾ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬರುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಆಗ ಸ್ಟೀರಿಂಗ್ ಹಿಡಿದು ಪ್ರಯೋಜನವಿಲ್ಲ.

ಮಗುಚುವ ಪ್ರಶ್ನೆಯೂ ಇದೆ. ಗಾಡಿ ಪಕ್ಕಕ್ಕೆ ಉರುಳದೆ ತಾಳುವ ಶಕ್ತಿಯನ್ನು ಸ್ಥೂಲವಾಗಿ ಅಳೆಯಲು ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುತ್ತಾರೆ. ಉದಾಹರಣೆಗೆ ಅಂತರ 1,500 ಮಿ.ಮೀ., ಎತ್ತರ 750 ಮಿ.ಮೀ. ಇದ್ದರೆ ಉತ್ತರ 1.0, ಎತ್ತರ 825 ಆದರೆ 0.91. ಈ ಸಂಖ್ಯೆ ಇಳಿದಷ್ಟೂ ಗಾಡಿ ಸುಲಭವಾಗಿ ಮಗುಚುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗದಿರಬಹುದು, ಆದರೆ ಚೀಲಗಳನ್ನು ಎತ್ತರಕ್ಕೆ ಪೇರಿಸಿ ಹೇರ್‌ಪಿನ್ ತಿರುವು ತೆಗೆದುಕೊಳ್ಳುವಾಗ ಉಳಿದಿದ್ದ ಆಸರೆಯೂ ಕರಗುತ್ತದೆ.

ಉತ್ತರ – ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುವವನು

ನನಗೆ ಹೆಚ್ಚು ಭಯ ಹಿಂದಿನ ಬ್ಲಾಕಿನದು. ಹಲವು ಪಿಕಪ್‌ಗಳಲ್ಲಿ ಚಾಸಿಗೂ (ಗಾಡಿಯ ಚೌಕಟ್ಟು) ಹಿಂದಿನ ಆಕ್ಸಲಿಗೂ ನಡುವೆ ಒಂದು ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ. ಹೊರೆ ಹೆಚ್ಚಾಗಿ ಚಾಸಿ ತಗ್ಗಿದಂತೆ ಅದು ಹಿಂಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಬ್ಲಾಕ್ ಹಾಕಿ ಎತ್ತರಿಸಿದ ಮೇಲೆ, ಗಾಡಿ ತುಂಬಿದ್ದರೂ ಖಾಲಿಯಿದೆ ಎಂದೇ ಆ ವಾಲ್ವ್ ತಿಳಿಯುತ್ತದೆ. ಹಿಂದಿನ ಬ್ರೇಕ್ ಸೊರಗಿ, ಘಾಟಿ ಇಳಿಯುವ ಉದ್ದಕ್ಕೂ ಮುಂದಿನ ಬ್ರೇಕ್ ಒಂದೇ ದುಡಿದು ಕಾದುಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಅಂಥ ವಾಲ್ವ್ ಇದೆಯೇ ಎಂದು ಕೆಳಗೆ ಮಲಗಿ ನೋಡಿ. ಬ್ರೇಕಿನ ರಬ್ಬರ್ ಹೋಸ್ ಚಕ್ರ ಪೂರ್ತಿ ಜೋತಾಗಲೂ ಸಡಿಲವಾಗಿರಬೇಕು, ಬಿಗಿದು ನಿಲ್ಲಬಾರದು.

ಒಮ್ಮೆ ನಮ್ಮಲ್ಲಿಗೆ ಬಂದ ಗಾಡಿಯಲ್ಲಿ ಒಂದರ ಮೇಲೊಂದು ಎರಡು ಬ್ಲಾಕ್ ಇಟ್ಟು, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಹಳೆಯ ಯು-ಬೋಲ್ಟುಗಳಿಗೇ ತುಂಡು ಬೆಸುಗೆ ಹಾಕಿ ಉದ್ದ ಮಾಡಿದ್ದರು. ಸ್ಪ್ರಿಂಗ್ ಪ್ಲೇಟುಗಳನ್ನು ನಡುವಿನಲ್ಲಿ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಒಂದು ಬದಿಗೆ ಸರಿದಿತ್ತು. ಆ ಗಾಡಿಯಲ್ಲಿ ದಿನವೂ ಕೆಲಸದವರನ್ನು ಹಿಂದೆ ನಿಲ್ಲಿಸಿಕೊಂಡು ತೋಟಕ್ಕೆ ಹೋಗುತ್ತಿದ್ದರು ಎಂದು ಕೇಳಿ ನನಗೆ ಎದೆ ಝಲ್ಲೆಂದಿತು. ಬ್ಲಾಕುಗಳನ್ನು ಪೇರಿಸಬಾರದು, ಯು-ಬೋಲ್ಟನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು, ಸ್ಪ್ರಿಂಗ್ ಪ್ಲೇಟಿಗೆ ಬೆಸುಗೆಯ ಕಾವು ತಾಗಿಸಲೇಬಾರದು, ಏಕೆಂದರೆ ಕಾವು ತಾಗಿದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಪ್ಲೇಟ್ ಅಲ್ಲೇ ಮುರಿಯುತ್ತದೆ.

ಉತ್ತರ – ವಕೀಲ, ಚಿಕ್ಕಮಗಳೂರು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನನ್ನೇ ಹೊಣೆಯಾಗಿಸಿ, ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಗಳನ್ನೇ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಸ್ಪೇಸರಿನ ಲೆಕ್ಕವನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಅದನ್ನು ಯೋಚಿಸಿರಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಎತ್ತರಿಸುವ ಕೆಲಸ ಕೈಬಿಟ್ಟಿದ್ದೇವೆ. ಈ ಬೇಸಿಗೆಯಲ್ಲಿ ದಾರಿಯ ನಡುವಿನ ದಿಬ್ಬವನ್ನು ಜೆಸಿಬಿಯಿಂದ ಕೆತ್ತಿಸಿ, ಗಾಲಿಜಾಡಿಗೆ ಕಲ್ಲು ತುಂಬಿಸಿ, ನೀರು ಪಕ್ಕದ ಚರಂಡಿಗೆ ಹರಿಯುವಂತೆ ಮಾಡಿಸುತ್ತೇನೆ. ತಳಕ್ಕೆ ರಕ್ಷಣಾ ತಗಡು ಹಾಕಿಸುವುದಾದರೆ, ಗೇರ್‌ಬಾಕ್ಸಿನ ಎಣ್ಣೆ ಬದಲಿಸುವಾಗ ತೊಡಕಾಗದಂತೆ ಆ ತಗಡನ್ನು ಎಲ್ಲಿ ತೆರೆದಿಡಬೇಕು ಎಂದು ಗ್ಯಾರೇಜಿನವರು ದಯವಿಟ್ಟು ತಿಳಿಸಬೇಕು.