ತಮ್ಮನಿಗೆ ಯಾರೋ ಮಾತಾಡಿದ ಹಾಗೆ ಕೇಳ್ಸುತ್ತಂತೆ, ಮನೇಲಿ ಭೂತದ ಕಾಟ ಅಂತಿದಾರೆ, ಅನುಭವ ಇರೋರು ಹೇಳಿ

ಹೊಸನಗರ ಕಡೆಯಿಂದ ಕೇಳಿದ್ದು:
ನಮ್ಮ ತಮ್ಮನಿಗೆ 22 ವರ್ಷ. ಬೆಂಗಳೂರಲ್ಲಿ ಓದ್ತಿದ್ದೋನು ಪರೀಕ್ಷೆ ಬಿಟ್ಟು ಮನೆಗೆ ಬಂದು ಕೂತಿದಾನೆ. ರಾತ್ರಿ ನಿದ್ದೆ ಇಲ್ಲ, ಒಬ್ಬನೇ ಮಾತಾಡ್ತಾನೆ ನಗ್ತಾನೆ, ಪಕ್ಕದ ಮನೆಯೋರು ನನ್ನ ಬಗ್ಗೆನೇ ಮಾತಾಡ್ತಿದಾರೆ ಅಂತಾನೆ. ಅಮ್ಮ ಬಡ್ಸಿದ್ದು ಉಣ್ಣಲ್ಲ, ಅದ್ರಲ್ಲಿ ಎಂತದೋ ಹಾಕಿದೀರಿ ಅಂತಾನೆ. ದೊಡ್ಡಪ್ಪ ಜಾಗದ ಭೂತದ್ದೇ ತೊಂದ್ರೆ ಅಂತ ನಿಮಿತ್ತ ಕೇಳಿಸಿ ತಾಯತ ಕಟ್ಸಿದಾರೆ. ಇದು ಕಾಯಿಲೆನಾ? ಯಾಕೆ ಬರುತ್ತೆ? ಮಾತ್ರೆ ಶುರು ಮಾಡಿದ್ರೆ ಜೀವನ ಪೂರ್ತಿ ನುಂಗ್ಬೇಕಂತೆ ಹೌದಾ?

ತೀರ್ಥಹಳ್ಳಿಯಿಂದ:
ತಂಗಿ, ಕಾಯಿಲೆ ಹೌದೋ ಅಲ್ವೋ ಅಂತ ಮನೇಲಿ ತೀರ್ಮಾನ ಆಗ್ಲಿ ಅಂತ ಕಾಯ್ಬೇಡಿ, ಈ ವಾರನೇ ತೋರ್ಸಿ. ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು, ಸ್ಕಿಜೋಫ್ರೇನಿಯಾ ಅಂದ್ರು, ಅಂದ್ರೆ ಇಲ್ಲದ ಮಾತು ಕೇಳ್ಸೋ, ಇಲ್ಲದ ಅನುಮಾನ ಬರೋ ಮನಸ್ಸಿನ ಕಾಯಿಲೆ, ನಿಮ್ಮ ತಮ್ಮಂದೂ ಅದೇ ಅಂತ ನಾನು ಹೇಳೋಕಾಗಲ್ಲ ಅದನ್ನ ಡಾಕ್ಟ್ರೇ ನೋಡಿ ಹೇಳ್ಬೇಕು, ಆದ್ರೆ ಇಂತಾ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲದೆ ತಿಂಗಳುಗಟ್ಲೆ ಬಿಟ್ಟಷ್ಟೂ ಆಮೇಲೆ ಸುಧಾರಿಸೋದು ಕಷ್ಟ ಆಗುತ್ತೆ, ಇದಂತೂ ಖಂಡಿತ. ದೊಡ್ಡಪ್ಪನ ಹತ್ರ ಜಗಳಕ್ಕೆ ಹೋಗ್ಬೇಡಿ. ತಾಯತ ಇರ್ಲಿ, ಭೂತಕ್ಕೆ ಹಣ್ಣುಕಾಯಿ ಮಾಡ್ಸೋದಿದ್ರೆ ಮಾಡ್ಸ್ಲಿ, ಅದ್ರ ಜೊತೆಗೇ ಆಸ್ಪತ್ರೆಗೂ ಹೋಗೋಣ ಅನ್ನಿ. ನಮ್ಮನೇಲಿ ಅಜ್ಜಿ ಒಪ್ಪಿದ್ದು ಈ ಮಾತಿಗೇ. ಹೊಡೆಯೋದು, ಕಟ್ಟಿ ಹಾಕೋದು, ಉಪವಾಸ ಕೆಡವೋದು ಮಾಡೋ ಕಡೆ ಮಾತ್ರ ಖಂಡಿತ ಬಿಡ್ಬೇಡಿ.

ಹುಡುಗನ್ನ ಹೊರಡ್ಸೋದೇ ದೊಡ್ಡ ಕೆಲಸ, ಅದು ನಂಗೊತ್ತು. ನಿಂಗೆ ತಲೆ ಸರಿ ಇಲ್ಲ ಅಂದ್ರೆ ಯಾರು ಬರ್ತಾರೆ ಹೇಳಿ. ನಿದ್ದೆ ಬರ್ತಿಲ್ವಲ್ಲ, ಅದಕ್ಕೆ ತೋರ್ಸೋಣ ಅನ್ನಿ, ಅದು ಸುಳ್ಳೂ ಅಲ್ಲ. ಯಾರೋ ಮಾತಾಡ್ತಿದಾರೆ ಅಂದಾಗ ಇಲ್ಲ ಇಲ್ಲ ಅಂತ ವಾದ ಮಾಡ್ಬೇಡಿ, ಹೌದು ಅಂತ ತಾಳನೂ ಹಾಕ್ಬೇಡಿ, ನಂಗೆ ಕೇಳಿಸ್ತಿಲ್ಲ ಕಣೋ ಆದ್ರೆ ನಿಂಗೆ ಕೇಳಿಸ್ತಿದೆ ಅಂದ್ರೆ ಎಷ್ಟು ಹೆದರಿಕೆ ಆಗ್ತಿರ್ಬೇಕು ಅನ್ನಿ, ಅಷ್ಟೇ ಸಾಕು. ಊಟದ ವಿಷಯ ಅಂದ್ರೆ, ಎಲ್ರೂ ಒಟ್ಟಿಗೆ ಕೂತು ಒಂದೇ ಪಾತ್ರೆಯಿಂದ ಅವನೇ ಬಡಿಸ್ಕೊಳ್ಳೋ ಹಾಗೆ ಮಾಡಿ, ಅಣ್ಣ ಹಾಗೆ ಮಾಡಿದ್ಮೇಲೇ ಉಣ್ಣೋಕೆ ಶುರು ಮಾಡಿದ್ದು. ಮಾತ್ರೆನ ಗುಟ್ಟಾಗಿ ಸಾರಲ್ಲಿ ಬೆರೆಸಿ ಕೊಡಿ ಅಂತ ಯಾರಾದ್ರೂ ಹೇಳ್ತಾರೆ, ಬೇಡ. ಅಮ್ಮ ಏನೋ ಹಾಕ್ತಾರೆ ಅಂತ ಮೊದ್ಲೇ ಹೆದರಿರೋ ಹುಡುಗ, ಒಂದಿನ ಗೊತ್ತಾದ್ರೆ ಅಮ್ಮನ್ನ ಮತ್ತೆ ನಂಬೋದೇ ಇಲ್ಲ.

ಸಾಗರದಿಂದ, ಆಸ್ಪತ್ರೇಲಿ ನರ್ಸ್ ಕೆಲಸ ಮಾಡೋಳು:
ಯಾಕೆ ಬರುತ್ತೆ ಅಂತ ಕೇಳಿದೀರಲ್ಲ ಅಕ್ಕ, ಒಂದೇ ಕಾರಣ ಅಂತ ಇರಲ್ಲ. ಸ್ಕಿಜೋಫ್ರೇನಿಯಾ ನೂರು ಜನರಲ್ಲಿ ಹತ್ತತ್ರ ಒಬ್ರಿಗೆ ಜೀವನದಲ್ಲಿ ಯಾವಾಗ್ಲಾದ್ರೂ ಬರಬಹುದು, ಹೆಚ್ಚಾಗಿ ಹದಿನೆಂಟರಿಂದ ಮೂವತ್ತರ ಒಳಗೆ ಕಾಣಿಸ್ಕೊಳ್ಳುತ್ತೆ. ಅಪ್ಪನಿಗೋ ಅಮ್ಮನಿಗೋ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ನೂರಕ್ಕೆ ಹತ್ತರಷ್ಟು, ಅಂದ್ರೆ ತೊಂಬತ್ತು ಮಕ್ಕಳಿಗೆ ಬರಲ್ಲ ಅನ್ನೋದನ್ನೂ ನೆನಪಿಡಿ. ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸ ಏರುಪೇರಾಗುತ್ತೆ, ಹಳೇ ಮಾತ್ರೆಗಳೂ ಹೊಸ ಮಾತ್ರೆಗಳೂ ಹೆಚ್ಚಿನವು ಅದನ್ನೇ ಹತೋಟಿಗೆ ತರೋದು. ಗಾಂಜಾ ಸೇದೋರಿಗೆ ಅಪಾಯ ಜಾಸ್ತಿ, ಅದಕ್ಕೆ ಹಾಸ್ಟೆಲಲ್ಲಿ ಏನಾದ್ರೂ ಅಭ್ಯಾಸ ಇತ್ತಾ ಅಂತ ಡಾಕ್ಟ್ರು ಕೇಳಿದ್ರೆ ಮುಚ್ಚಿಡ್ಬೇಡಿ, ಪೊಲೀಸರಿಗೆ ಹೇಳೋಕೆ ಅಲ್ಲ ಕೇಳೋದು. ಅಮ್ಮ ಸಾಕಿದ್ದು ಸರಿ ಇಲ್ಲ ಅಂತ ಬರೋ ಕಾಯಿಲೆ ಅಲ್ವೇ ಅಲ್ಲ, ಇದನ್ನ ನಿಮ್ಮಮ್ಮನಿಗೆ ನೀವೇ ಹೇಳಿ, ಯಾಕಂದ್ರೆ ಇಲ್ಲಿ ಬರೋ ತಾಯಂದಿರೆಲ್ಲ ಅದೇ ಯೋಚನೇಲಿ ಕೊರಗ್ತಿರ್ತಾರೆ. ಥೈರಾಯ್ಡು, ಫಿಟ್ಸು, ಮೆದುಳಿನ ಸೋಂಕು ಇದ್ರೂ ಕೆಲವು ಸಲ ಹೀಗಾಗುತ್ತೆ, ಅದಕ್ಕೇ ಮೊದ್ಲು ರಕ್ತ ಪರೀಕ್ಷೆ ಬರೀತಾರೆ.

ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೇಲಿ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಮಾಡ್ತಾರೆ, ನಿಮ್ಮ ತಾಲೂಕಲ್ಲಿ ಡಾಕ್ಟ್ರು ಬರ್ತಾರಾ ಅಂತ ಊರಿನ ಆಶಾ ಕಾರ್ಯಕರ್ತೆ ಹತ್ರ ವಿಚಾರಿಸಿ. ರಾತ್ರಿ ಹೊತ್ತು ಎಂತ ಮಾಡ್ಬೇಕು ಗೊತ್ತಾಗ್ದಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. 2022ರಲ್ಲಿ ಶುರುವಾಗಿದ್ದು, ಹಳ್ಳಿ ಕಡೆ ಸುಮಾರು ಜನಕ್ಕೆ ಇನ್ನೂ ಗೊತ್ತೇ ಇಲ್ಲ.

ಶಿವಮೊಗ್ಗದಿಂದ:
ಮಾತ್ರೆ ನುಂಗೋನು ನಾನೇ ಅಕ್ಕ, ಅದಕ್ಕೆ ಆ ಕಡೆಯಿಂದ ಹೇಳ್ತೀನಿ. ಆ ಮಾತುಗಳು ನಿಜವಾಗ್ಲೂ ಹೊರಗಿಂದ ಬಂದ ಹಾಗೇ ಕೇಳ್ಸುತ್ತೆ, ಕಲ್ಪನೆ ಅನ್ಸಲ್ಲ, ನಿಮ್ಮ ತಮ್ಮ ನಾಟಕ ಮಾಡ್ತಿಲ್ಲ. ಮಾತ್ರೆ ಶುರುವಾದ್ಮೇಲೆ ಮೊದ್ಲು ನಿದ್ದೆ ಬಂತು, ಹೆದರಿಕೆ ಇಳೀತು, ಮಾತುಗಳು ಹೋಗೋಕೆ ವಾರಗಳೇ ಬೇಕಾಯ್ತು. ನಂಗೆ ಕೊಟ್ಟ ಒಲಾಂಜಪಿನ್‌ನಿಂದ ಹಸಿವು ಜಾಸ್ತಿ ಆಗಿ ತೂಕ ಏರ್ತು, ಬೆಳಿಗ್ಗೆ ಎದ್ರೆ ಮಂಪರು, ಅದನ್ನ ಹೇಳ್ಕೊಂಡಾಗ ಡಾಕ್ಟ್ರು ಬೇರೆ ಮಾತ್ರೆಗೆ ಬದಲಾಯಿಸಿದ್ರು, ಈಗ ವರ್ಷಕ್ಕೊಂದ್ಸಲ ಶುಗರ್ ನೋಡ್ತಾರೆ. ಕೈ ನಡುಗೋದು, ಕೂತಲ್ಲಿ ಕೂರಕ್ಕಾಗ್ದೆ ಇರೋದು, ಇವಕ್ಕೆಲ್ಲ ಪರಿಹಾರ ಇದೆ, ತಮ್ಮನಿಗೆ ಬಾಯಿಬಿಟ್ಟು ಹೇಳೋಕೆ ಹೇಳಿ.

ಜೀವನ ಪೂರ್ತಿನಾ ಅಂದ್ರೆ ಎಲ್ರಿಗೂ ಹಾಗಿಲ್ಲ. ಮೊದಲ ಸಲ ಬಂದು ಪೂರ್ತಿ ಗುಣ ಆದ್ರೆ ಒಂದೆರಡು ವರ್ಷ ಮುಂದುವರಿಸಿ ಆಮೇಲೆ ನೋಡೋಣ ಅಂತಾರೆ, ಮತ್ತೆ ಮತ್ತೆ ಬಂದೋರಿಗೆ ಹೆಚ್ಚು ಕಾಲ ಬೇಕಾಗುತ್ತೆ. ಈಗ ಆರಾಮಿದೀನಲ್ಲ ಅಂತ ತಾನೇ ನಿಲ್ಲಿಸೋದು ಮಾತ್ರ ಬೇಡ, ಅಡಿಕೆಗೆ ಕೊಳೆ ರೋಗ ಬರೋ ಮೊದ್ಲೇ ಬೋರ್ಡೋ ಔಷಧಿ ಹೊಡಿತೀವಲ್ಲ, ಗುಣ ಆದ್ಮೇಲೆ ನುಂಗೋ ಮಾತ್ರೆ ಅದೇ ತರ. ದಿನಾ ನುಂಗೋಕೆ ಬೇಜಾರು ಅನ್ನೋರಿಗೆ ತಿಂಗಳಿಗೊಂದ್ಸಲ ಕೊಡೋ ಇಂಜೆಕ್ಷನ್ನೂ ಇದೆ. ನಾನು ಕೆಲಸಕ್ಕೆ ಹೋಗ್ತಿದೀನಿ, ಸ್ನೇಹಿತರಿದಾರೆ. ಓದು ಈ ವರ್ಷ ಬಿಟ್ಟೋದ್ರೆ ಹೋಗ್ಲಿ ಅಕ್ಕ, ದಯವಿಟ್ಟು ಅವನಿಗೆ ಬೇಗ ಪರೀಕ್ಷೆ ಬರಿ ಅಂತ ಒತ್ತಾಯ ಮಾಡ್ಬೇಡಿ.

ಕೊಪ್ಪದಿಂದ:
ಮೇಲಿನೋರು ಹೇಳದೇ ಇರೋದು ಒಂದಿದೆ. ಸಾಯ್ತೀನಿ ಅಂದ್ರೆ, ಅಥವಾ ಸಾಯಿ ಅಂತ ಆ ಮಾತುಗಳು ಹೇಳ್ತಿವೆ ಅಂದ್ರೆ ಕಾಯೋ ಹಾಗೇ ಇಲ್ಲ, ಅವತ್ತೇ ಆಸ್ಪತ್ರೆ. ಸಾಯೋ ಯೋಚನೆ ಬರ್ತಿದೆಯಾ ಅಂತ ಅವನನ್ನೇ ನೇರವಾಗಿ ಕೇಳಿ, ಕೇಳಿದ್ರೆ ತಲೆಗೆ ಹೊಳೆಯುತ್ತೆ ಅನ್ನೋದು ಸುಳ್ಳು. ತೋಟದ ಔಷಧಿ, ಕಳೆನಾಶಕ ಎಲ್ಲ ಬೇರೆ ಮನೇಲಿ ಇಡ್ಸಿ, ಕೋವಿ ಇದ್ರೆ ಅದನ್ನೂ ಮನೆಯಿಂದ ಕಳ್ಸಿ, ನಮ್ ಕಡೆ ಮನೆಗಳಲ್ಲಿ ಇವೆರಡೂ ಕೈಗೆ ಸಿಗೋ ಹಾಗೇ ಇರುತ್ತಲ್ಲ. ಒಪ್ಪದೇ ಇದ್ರೆ, ಅವನಿಗೋ ಬೇರೆಯವರಿಗೋ ಅಪಾಯ ಅನ್ನೋ ಪರಿಸ್ಥಿತಿ ಇದ್ರೆ, ಮನೆಯೋರ ಅರ್ಜಿ ಮೇಲೆ ಅಡ್ಮಿಟ್ ಮಾಡ್ಕೊಳ್ಳೋಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದಾರಿ ಇದೆ, ಡಾಕ್ಟ್ರು ನೋಡಿ ತೀರ್ಮಾನ ಮಾಡ್ತಾರೆ. ಅದೇ ಕಾಯ್ದೆ ಪ್ರಕಾರ ಸರಪಳಿ ಹಾಕಿ ಕಟ್ಟೋದು ಅಪರಾಧ, ಇನ್ಶೂರೆನ್ಸಲ್ಲೂ ಬೇರೆ ಕಾಯಿಲೆ ತರನೇ ಇದನ್ನೂ ಸೇರಿಸ್ಬೇಕು, ಪಾಲಿಸಿ ಇದ್ರೆ ಕೇಳಿ ನೋಡಿ.

ಇನ್ನೊಂದು, ಹೋಗುವಾಗ ಯಾವಾಗಿಂದ ಎಂತ ಶುರುವಾಯ್ತು, ನಿದ್ದೆ ಊಟ ಹೇಗಿದೆ, ಮನೆತನದಲ್ಲಿ ಯಾರಿಗಾದ್ರೂ ಇತ್ತಾ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ, ಅವನೆದ್ರು ಹೇಳೋಕೆ ಕಷ್ಟ ಆಗೋದನ್ನ ಡಾಕ್ಟ್ರ ಕೈಗೆ ಕೊಟ್ರಾಯ್ತು. ಮಳೆ ಜೋರಾಗಿ ಬಸ್ಸು ನಿಲ್ಲೋ ತಿಂಗಳುಗಳಿಗೆ ಆಗೋ ಅಷ್ಟು ಮಾತ್ರೆ ಮೊದ್ಲೇ ಬರೆಸ್ಕೊಂಡು ಬನ್ನಿ, ಅದನ್ನ ಅವನ ಕೈಗೆ ಕೊಡದೆ ನೀವೇ ಇಟ್ಕೊಂಡು ದಿನದ್ದು ದಿನ ಕೊಡಿ.